ದೂರ ಬೇಕೋ, ಹತ್ತಿರ ಬೇಕೋ?

ಮಲೆನಾಡಿನಲ್ಲಿ ಕನ್ನಡಕಕ್ಕೆ ಶತ್ರುಗಳು ಬಹಳ. ಮೊದಲನೆಯದು ಮಳೆ. ಹುಲಿಕಲ್ಲಿನ ಮಳೆಯಾಗಲಿ ಆಗುಂಬೆಯ ಮಳೆಯಾಗಲಿ ನೇರವಾಗಿ ಬಿದ್ದು ಹೋಗುವ ಜಾತಿಯದಲ್ಲ. ಗಾಳಿ ಸೇರಿಸಿಕೊಂಡು ಅಡ್ಡಡ್ಡ ಬಂದು, ಕೊಡೆಯ ಕೆಳಗೆ ನುಸುಳಿ, ಗಾಜಿನ ಒಳಬದಿಗೂ ಹೊರಬದಿಗೂ ಪಕ್ಷಪಾತವಿಲ್ಲದೆ ಕೂರುತ್ತದೆ. ಒರೆಸಿಕೊಳ್ಳೋಣವೆಂದರೆ ಆಷಾಢದಲ್ಲಿ ಮೈಮೇಲೆ ಒಣಗಿದ ಬಟ್ಟೆ ಎಲ್ಲಿರುತ್ತದೆ? ಎರಡನೆಯದು ಹಬೆ. ಅಡಿಕೆ ಬೇಯಿಸುವ ಹಂಡೆಗೆ ಬಗ್ಗಿದವನ ಕನ್ನಡಕ ಮಂಜಾಗುತ್ತದೆ. ತೆಗೆದರೆ ಅಡಿಕೆಯೇ ಕಾಣುವುದಿಲ್ಲ. ಮೂರನೆಯದು ಹಸುವಿನ ಬಾಲ. ಹಾಲು ಕರೆಯುವಾಗ ಅದು ಎತ್ತ ಬೀಸುತ್ತದೆಂದು ಹಸುವಿಗೂ ಗೊತ್ತಿರುವುದಿಲ್ಲ. ಇನ್ನು ಜಾತ್ರೆಗಳು. ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ಬರುವುದೇ ಒಳ್ಳೆಯದಾಯಿತು. ದೊಡ್ಡ ತೊಟ್ಟಿಲು ಏರಿದ ಹುಡುಗರ ಕನ್ನಡಕ ಪ್ರತಿ ವರ್ಷ ಕೊಡಿಸುವ ಶಕ್ತಿ ಯಾವ ತಂದೆಗಿದೆ? ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿಯಲ್ಲಿ ರಾಮೇಶ್ವರ ದೇವಸ್ಥಾನದ ಎದುರು ತುಂಗೆಗೆ ಇಳಿದಾಗಲೂ ಅದೇ ಕಷ್ಟ. ಕನ್ನಡಕ ದಡದಲ್ಲಿಟ್ಟು ಮುಳುಗಿದರೆ, ಎದ್ದ ಮೇಲೆ ಯಾವ ದಡದಲ್ಲಿಟ್ಟೆವೆಂದು ಹುಡುಕಲು ಕನ್ನಡಕವೇ ಬೇಕು.

ಹೀಗಿರುವಾಗ, ಹತ್ತು ನಿಮಿಷದ ಕೆಲಸ, ಜೀವಮಾನಕ್ಕೆ ಕನ್ನಡಕ ಬೇಡ ಎಂದು ಯಾರಾದರೂ ಹೇಳಿದರೆ ನಮ್ಮ ಕಡೆಯವರು ಕವಳ ಹಾಕುವುದನ್ನು ನಿಲ್ಲಿಸಿ ಕೇಳುತ್ತಾರೆ. ಕೇಳಿದ ಮೇಲೆ ನನ್ನ ಬಳಿ ಬರುತ್ತಾರೆ. ನಾನು ವೈದ್ಯನೇನೂ ಅಲ್ಲ. ನಮ್ಮ ಕುಟುಂಬದಲ್ಲಿ ಅತಿ ಹೆಚ್ಚು ಕಾಲದಿಂದ ಕನ್ನಡಕ ಹಾಕಿದವನು ಎಂಬ ಒಂದೇ ಅರ್ಹತೆಯ ಮೇಲೆ ಈ ಪದವಿ ಸಿಕ್ಕಿದೆ.

ಮೊದಲು ಬಂದವಳು ತೀರ್ಥಹಳ್ಳಿಯ ಅಕ್ಕನ ಮಗಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಎರಡೂ ಕಣ್ಣಿಗೆ ಮೈನಸ್ ಆರು, ಮದುವೆ ಗೊತ್ತಾಗಿತ್ತು. “ಧಾರೆ ಹೊತ್ತಿಗೆ ಅಂತರಪಟ ಸರಿಸಿದ ಮೇಲೆ ಹುಡುಗನ ಮುಖ ಮಂಜುಮಂಜಾಗಿ ಕಂಡ್ರೆ ಹೇಗೆ ಮಾವ?” ಎಂದು ಅವಳ ವಾದ. “ಕಂಡು ಆಗಬೇಕಾದ್ದೆಂತದು? ನಿನ್ನ ಅಪ್ಪನ ಮುಖ ನಾನು ಸರಿಯಾಗಿ ನೋಡಿದ್ದೇ ಮೂರನೇ ದಿನ” ಎಂದು ಅಕ್ಕ ಒಳಗಿನಿಂದಲೇ ಹೇಳಿದಳು. ಭಾವನವರು ಪೇಪರ್ ಇನ್ನಷ್ಟು ಎತ್ತರಕ್ಕೆ ಹಿಡಿದುಕೊಂಡರು.

ಹುಡುಗಿ ಫೋನಿಗೆ ಕಳಿಸಿದ ಪಟ್ಟಿಯಲ್ಲಿ ನಾಲ್ಕು ಹೆಸರಿದ್ದವು: ಪಿಆರ್‌ಕೆ, ಲೇಸಿಕ್, ಸ್ಮೈಲ್, ಐಸಿಎಲ್. “ಸ್ಮೈಲ್ ಅಂದ್ರೆ ಹಲ್ಲಿನ ಡಾಕ್ಟ್ರಲ್ಲವಾ?” ಎಂದು ಅಕ್ಕ ಕೇಳಿದಳು. ಕಣ್ಣಿನ ವೈದ್ಯಕ್ಕೂ ಹಲ್ಲಿನ ಡಾಕ್ಟರಿಗೂ ಒಂದು ಹಳೆಯ ಋಣ ಇರುವುದೂ ಹೌದು. ಅದನ್ನು ಮುಂದೆ ಹೇಳುತ್ತೇನೆ.

ಲೆಕ್ಕ ಮಾತ್ರ ಅಡಿಕೆಯವರಿಗೆ ಅರ್ಥವಾಗದ್ದಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾ. ನಡುವಿನಲ್ಲಿ ಅದರ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಮೈನಸ್ ಪವರ್ ಇಳಿಸಬೇಕಾದರೆ ಅದರ ನಡುಭಾಗವನ್ನು ತೆಳುವಾಗಿಸಬೇಕು. ಒಂದು ಪವರಿಗೆ ಸುಮಾರು 12ರಿಂದ 15 ಮೈಕ್ರಾನ್ ಖರ್ಚು. ಹುಡುಗಿಯ ಆರಕ್ಕೆ ಎಂಬತ್ತು ತೊಂಬತ್ತು ಹೋಯಿತು. ಲೇಸಿಕ್‌ನಲ್ಲಿ ಮೊದಲು ಮೇಲಿನ ನೂರು ನೂರಿಪ್ಪತ್ತು ಮೈಕ್ರಾನಿನ ಒಂದು ಪದರವನ್ನು ಪೂರ್ತಿ ಕಳಚದೆ ಬಿಡಿಸಿ, ಮಡಚಿ, ಅಡಿಯಲ್ಲಿ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಹಾಗೆ ಬಿಡಿಸಿದ ಪದರ ಮತ್ತೆ ಬಲ ಕೊಡುವುದಿಲ್ಲ. ಅದನ್ನೂ ಖರ್ಚಿಗೇ ಬರೆಯಬೇಕು. ಕೆಳಗೆ ಕನಿಷ್ಠ 250 ಮೈಕ್ರಾನಾದರೂ ಉಳಿಯಬೇಕು. 300 ಉಳಿದರೆ ಡಾಕ್ಟರಿಗೆ ನಿದ್ದೆ ಬರುತ್ತದೆ. ಪೇಪರಿನ ಅಂಚಿನಲ್ಲಿ ನಾನು ಕೂಡಿಸಿ ಕಳೆದಾಗ ಅಕ್ಕನ ಮಗಳಿಗೆ 340 ಉಳಿಯಿತು. ಅವಳ ಜೊತೆಗೆ ಪರೀಕ್ಷೆಗೆ ಹೋದ ಗೆಳತಿಗೆ ಉಳಿಯಲಿಲ್ಲ. ಮೈನಸ್ ಒಂಬತ್ತು, ಕಾರ್ನಿಯಾ ಹುಟ್ಟಾ ತೆಳ್ಳಗೆ. ಅಂಥವರಿಗೆ ಕಾರ್ನಿಯಾವನ್ನು ಮುಟ್ಟದೆ, ಕಣ್ಣಿನ ಸ್ವಂತ ಲೆನ್ಸಿನ ಮುಂದೆ ಇನ್ನೊಂದು ಮೆತ್ತನೆಯ ಲೆನ್ಸ್ ಕೂರಿಸುವುದು ಐಸಿಎಲ್. ದುಬಾರಿ, ಆದರೆ ಬೇಡವಾದರೆ ತೆಗೆಯಬಹುದು ಎಂಬುದು ಅದರ ದೊಡ್ಡ ಗುಣ. ಕೆರೆದು ಹಾಕಿದ ಕಾರ್ನಿಯಾವನ್ನು ಮರಳಿ ಅಂಟಿಸಲು ಯಾರಿಂದಲೂ ಆಗದು.

ಈ ಕೆರೆಯುವ ಲೇಸರಿನ ಕತೆಯನ್ನು ಅಕ್ಕನ ಅತ್ತೆಯವರ ಎದುರು ಹೇಳಬಾರದಿತ್ತೇನೋ, ಆದರೂ ಹೇಳಿದೆ. ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿ ಇದ್ದರು. 1981ರ ನವೆಂಬರಿನಲ್ಲಿ, ಅಲ್ಲಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಮನೆಯಲ್ಲಿ ಉಳಿದಿದ್ದ ಟರ್ಕಿ ಕೋಳಿಯ ಚೂರನ್ನು ಲ್ಯಾಬಿಗೆ ಒಯ್ದು ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. 193 ನ್ಯಾನೊಮೀಟರಿನ ಆ ಅತಿನೇರಳೆ ಕಿರಣ ಅಂಚು ಸುಡದೆ, ಕಪ್ಪಾಗಿಸದೆ, ಬೇಕಾದಷ್ಟನ್ನೇ ಕೆರೆದು ತೆಗೆಯಿತು. ಜಗತ್ತಿನ ಕೋಟ್ಯಂತರ ಕನ್ನಡಕ ಕೆಳಗಿಳಿದದ್ದು ಆ ಕೋಳಿ ಚೂರಿನಿಂದ. “ಅಯ್ಯರ್ರು ಕೋಳಿ ಮನೆಗೆ ತಂದಿದ್ರಾ?” ಎಂಬುದೊಂದೇ ಅತ್ತೆಯವರ ಪ್ರಶ್ನೆ. ಅವರು ಅಯ್ಯರೋ ಅಯ್ಯಂಗಾರರೋ ನನಗೆ ಬೇಡದ ವಿಷಯ ಎಂದು ನಾನು ಕಾಫಿ ಕೇಳಿದೆ.

ಲೇಸರಿಗೂ ಮೊದಲು ಕತ್ತಿ ಇತ್ತು. ರಷ್ಯಾದ ಫ್ಯೋದೊರೊವ್ 1970ರ ದಶಕದಲ್ಲಿ ಕಾರ್ನಿಯಾದ ಮೇಲೆ ನಡುವಿನಿಂದ ಹೊರಕ್ಕೆ ಗೀರುಗಳನ್ನು ಕೊಯ್ದು ಮೈನಸ್ ಇಳಿಸುವ ರೇಡಿಯಲ್ ಕೆರಟಾಟಮಿಯನ್ನು ಜನಪ್ರಿಯಗೊಳಿಸಿದರು. ಅಮೆರಿಕದವರು ಅದನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ ಶೇ. 43ರಷ್ಟು ಕಣ್ಣುಗಳು ಒಂದು ಪವರ್ ಅಥವಾ ಅದಕ್ಕೂ ಹೆಚ್ಚು ಪ್ಲಸ್ ಕಡೆಗೆ ಜಾರಿದ್ದವು. 1996ರಲ್ಲಿ ಬೆಕ್ ವೆದರ್ಸ್ ಎಂಬ ವೈದ್ಯ ಎವರೆಸ್ಟ್ ಏರಲು ಹೋದಾಗ, ಆ ಗೀರು ಹಾಕಿಸಿಕೊಂಡಿದ್ದ ಕಣ್ಣುಗಳು ಎತ್ತರದ ಗಾಳಿಗೆ ಆಕಾರ ಬದಲಿಸಿ ಅರ್ಧ ದಾರಿಯಲ್ಲಿ ಕಾಣದಾದವು. ನಮ್ಮ ಕೊಡಚಾದ್ರಿ 1,343 ಮೀಟರ್ ಮಾತ್ರ. ಅಲ್ಲಿ ಕಣ್ಣು ಕಾಣದಿದ್ದರೆ ಮೋಡ ಕಾರಣ.

ಹುಡುಗಿ ಕೊನೆಗೆ ಆರಿಸಿದ್ದು ಸ್ಮೈಲ್. ಅದರಲ್ಲಿ ಪದರ ಬಿಡಿಸುವುದಿಲ್ಲ. ಕಾರ್ನಿಯಾದ ಒಳಗೇ ಲೇಸರಿನಿಂದ ಒಂದು ಸಣ್ಣ ಬಿಲ್ಲೆ ಕತ್ತರಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಬಾಯಿಯಿಂದ ಅದನ್ನು ಹೊರಗೆಳೆಯುತ್ತಾರೆ. ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಕೊಯ್ತ ಚಿಕ್ಕದಾದ್ದರಿಂದ ಕಾರ್ನಿಯಾದ ನರಗಳು ಕಡಿಮೆ ತುಂಡಾಗುತ್ತವೆ, ಕಣ್ಣು ಒಣಗುವ ಕಾಟ ಲೇಸಿಕ್‌ಗಿಂತ ಸ್ವಲ್ಪ ಕಡಿಮೆ. ಎಸಿ ಕೋಣೆಯಲ್ಲಿ ದಿನವಿಡೀ ಪರದೆ ನೋಡುವವಳಿಗೆ ಅದು ಸರಿಯಾದ ಕಾರಣವೇ. ಲೇಸಿಕ್ ಮಾಡಿಸಿದವರಿಗೆ ಮರುದಿನವೇ ಲೋಕ ನಿಚ್ಚಳ. ಇವಳಿಗೆ ನಿಚ್ಚಳವಾಗಲು ಇನ್ನೂ ಕೆಲವು ದಿನ ಹಿಡಿಯಿತು. ಹಾಗೆಂದು ಒಣಗುವುದು ಪೂರ್ತಿ ತಪ್ಪಲಿಲ್ಲ. ಮದುವೆ ಮಂಟಪದಲ್ಲಿ ಹೋಮದ ಹೊಗೆಗೆ ಕಣ್ಣು ಉರಿದು ಗಂಟೆಗೊಮ್ಮೆ ಹನಿ ಹಾಕಿಸಿಕೊಂಡಳು. ಹನಿ ಕೆನ್ನೆಗಿಳಿದಾಗಲೆಲ್ಲ ಗಂಡಿನ ಕಡೆಯ ಹೆಂಗಸರು “ಪಾಪ, ತವರು ಬಿಡ್ಲಿಕ್ಕೆ ಎಷ್ಟು ಬೇಜಾರು ಹುಡುಗಿಗೆ” ಎಂದು ಮರುಗಿದರು. ಆ ಒಂದು ಹೊತ್ತಿನ ಹೆಸರು ಅವಳಿಗೆ ಅತ್ತೆಮನೆಯಲ್ಲಿ ಇನ್ನೂ ಉಪಯೋಗಕ್ಕೆ ಬರುತ್ತಿದೆ.

ಹಾಗಾದರೆ ಸ್ಮೈಲೇ ಮೇಲು, ಪಿಆರ್‌ಕೆ ಹಳತು ಎಂದುಕೊಳ್ಳುವ ಹಾಗಿಲ್ಲ. ಹೊಸನಗರದ ಕಡೆಯ ಒಬ್ಬ ಹುಡುಗ ಯಕ್ಷಗಾನ ಮೇಳದಲ್ಲಿದ್ದಾನೆ, ಪುಂಡುವೇಷ. ಮೈನಸ್ ನಾಲ್ಕು. ಭಾಗವತರಿಗೆ ಕನ್ನಡಕ ಇದ್ದರೂ ನಡೆಯುತ್ತದೆ, ಅಭಿಮನ್ಯುವಿಗೆ ನಡೆಯುವುದಿಲ್ಲ. ಅವನು ರಂಗಸ್ಥಳದ ಅಂಚನ್ನು ಹೆಜ್ಜೆಯ ಲೆಕ್ಕದಲ್ಲೇ ತಿಳಿದು ಕುಣಿಯುತ್ತಿದ್ದ. ಚಕ್ರವ್ಯೂಹದಲ್ಲಿ ದ್ರೋಣ ಯಾರು ಕರ್ಣ ಯಾರು ಎಂಬುದು ಅವನಿಗೆ ಮಾತು ಕೇಳಿದ ಮೇಲೆ ತಿಳಿಯುತ್ತಿತ್ತಂತೆ. ಕಾಂಟ್ಯಾಕ್ಟ್ ಲೆನ್ಸ್ ಹಾಕಿದರೆ ಬಣ್ಣ, ಬೆವರು, ರಾತ್ರಿಯಿಡೀ ನಿದ್ದೆಗೇಡು ಸೇರಿ ಕಣ್ಣು ಕೆಂಪಗೆ. ರಾಕ್ಷಸ ವೇಷದವರು ಹೊಟ್ಟೆಕಿಚ್ಚುಪಡುವಷ್ಟು. ಅವನಿಗೆ ಡಾಕ್ಟರು ಹೇಳಿದ್ದು ಪಿಆರ್‌ಕೆ. ಇದು ಎಲ್ಲಕ್ಕಿಂತ ಹಿರಿಯ ಲೇಸರ್ ವಿಧಾನ, ಇದರಲ್ಲಿ ಪದರ ಬಿಡಿಸುವುದೂ ಇಲ್ಲ, ಒಳಗೆ ಕೊಯ್ಯುವುದೂ ಇಲ್ಲ. ಮೇಲಿನ ಚರ್ಮದಷ್ಟನ್ನು ಸರಿಸಿ ನೇರವಾಗಿ ಲೇಸರ್ ಹಾಯಿಸುತ್ತಾರೆ. ಚರ್ಮ ಮೂರರಿಂದ ಐದು ದಿನದಲ್ಲಿ ತಾನೇ ಬೆಳೆಯುತ್ತದೆ. ಆ ಮೂರ್ನಾಲ್ಕು ದಿನ ನೋವು, ಉರಿ, ಬೆಳಕು ಕಂಡರೆ ಆಗದು. ದೃಷ್ಟಿ ನೆಲೆಯಾಗಲು ವಾರಗಳೇ ಬೇಕು. ಆದರೆ ದಿಗಿಣ ಹಾಕುವಾಗ ಎದುರಿನವನ ಕಿರೀಟ ಬಡಿದರೆ ಕಣ್ಣಿನಲ್ಲಿ ಸರಿಯುವ ಪದರವಿಲ್ಲ. ಲೇಸಿಕ್‌ನ ಪದರ ಬಲವಾದ ಪೆಟ್ಟಿಗೆ ವರ್ಷಗಳ ನಂತರವೂ ಸರಿದ ಉದಾಹರಣೆಗಳಿವೆ, ಅಪರೂಪಕ್ಕೆ. ಪೆಟ್ಟು ತಿನ್ನುವ ಕಸುಬಿನವರಿಗೆ ಹಳತೇ ವಾಸಿ. ಮೇಳ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಾಡಿಸಿಕೊಂಡು ಮಳೆಗಾಲವಿಡೀ ಕತ್ತಲೆ ಕೋಣೆಯಲ್ಲಿ ಕೂತ. ಹೊರಗೆ ಹೇಗೂ ಬೆಳಕಿರಲಿಲ್ಲ.

ಇವೆಲ್ಲ ಎಳೆಯರ ಕತೆ. ನಿಜವಾದ ಜನಸಂದಣಿ ಇರುವುದು ಅರವತ್ತು ದಾಟಿದವರ ಸಾಲಿನಲ್ಲಿ, ಪೊರೆಯ ಆಪರೇಶನ್ನಿನಲ್ಲಿ.

ನನ್ನ ಅಜ್ಜಯ್ಯನಿಗೆ ಪೊರೆ ತೆಗೆದದ್ದು ಶಾಲೆಯ ಕೋಣೆಯಲ್ಲಿ ನಡೆದ ಶಿಬಿರದಲ್ಲಿ. ಅದು ಶಿಬಿರಗಳ ಕಾಲ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರು ಅಲೆದು ಸಾಲಾಗಿ ಮಲಗಿಸಿ ಕೊಯ್ಯುತ್ತಿದ್ದರು. ಒಂದೇ ದಿನ 833 ಆಪರೇಶನ್ ಮಾಡಿದ್ದು ಗಿನ್ನೆಸ್ ಪುಸ್ತಕ ಸೇರಿತು. ಆಗ ಪೊರೆ ‘ಬಲಿಯುವ’ವರೆಗೆ, ಅಂದರೆ ಎದುರಿಗೆ ನಿಂತ ಮಗನೂ ಕಾಣದಾಗುವವರೆಗೆ, ಕಾಯಬೇಕಿತ್ತು. ಆಮೇಲೆ ಲೆನ್ಸನ್ನು ಇಡಿಯಾಗಿ ತೆಗೆದುಬಿಡುವುದು. ಬದಲಿಗೆ ಒಳಗೆ ಏನೂ ಇಡುತ್ತಿರಲಿಲ್ಲ. ಮೂಗಿನ ಮೇಲೆ ಪ್ಲಸ್ ಹತ್ತರ ಸೋಡಾಗ್ಲಾಸು ಬರುತ್ತಿತ್ತು. ಅದರಲ್ಲಿ ಎಲ್ಲವೂ ನಾಲ್ಕನೇ ಒಂದು ಪಾಲು ದೊಡ್ಡದಾಗಿ, ಹತ್ತಿರದಲ್ಲಿ ಕಾಣುತ್ತದೆ. ಅಜ್ಜಯ್ಯ ಲೋಟಕ್ಕೆ ಕೈ ಹಾಕಿದರೆ ಕೈ ಲೋಟಕ್ಕಿಂತ ಗೇಣು ಮೊದಲೇ ನಿಲ್ಲುತ್ತಿತ್ತು. ಪಟ್ಟಿ ಬಿಚ್ಚಿ ಕನ್ನಡಕ ಹಾಕಿಕೊಂಡು ಅಜ್ಜಿಯನ್ನು ನೋಡಿ ಅವರು ಹೇಳಿದ ಮೊದಲ ಮಾತು, “ಇದೆಂತದೇ, ಇಷ್ಟು ದಪ್ಪಾಗಿದೀಯ!” ಅಜ್ಜಿ ಆಮೇಲೆ ಕೆಲವು ದಿನ ಮಾತಾಡಲಿಲ್ಲ. ದೋಷ ಗಾಜಿನದೆಂದು ತಿಳಿಸಿ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ತೆಗೆದ ಜಾಗಕ್ಕೆ ಬೇರೆ ಲೆನ್ಸ್ ಇಡುವ ಯೋಚನೆ ಮಾಡಿದವರು ಲಂಡನ್ನಿನ ಹೆರಾಲ್ಡ್ ರಿಡ್ಲಿ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಮುಚ್ಚಿಗೆಯ ಪರ್ಸ್ಪೆಕ್ಸ್ ಚೂರುಗಳು ಪೈಲಟ್ಟರ ಕಣ್ಣಿಗೆ ಹೊಕ್ಕಿದ್ದವು. ಅವು ಅಲ್ಲೇ ಉಳಿದರೂ ಕಣ್ಣು ಅವನ್ನು ಜಗಳವಿಲ್ಲದೆ ಸಹಿಸಿಕೊಂಡದ್ದನ್ನು ರಿಡ್ಲಿ ಗಮನಿಸಿದರು. 1949ರ ನವೆಂಬರ್ 29ರಂದು ಅದೇ ಬಗೆಯ ಪ್ಲಾಸ್ಟಿಕ್ಕಿನ ಲೆನ್ಸನ್ನು ಒಬ್ಬ ಹೆಂಗಸಿನ ಕಣ್ಣಿನೊಳಗೆ ಇಟ್ಟರು. ನಮ್ಮ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದೂ ಅದೇ 1949ರಲ್ಲಿ; ನೋಡುವುದನ್ನು ಸುಧಾರಿಸುವ ಎರಡು ಕೆಲಸ ಒಂದೇ ವರ್ಷ ಶುರುವಾದವು ಎಂದು ಸಾಗರದವರು ಹೇಳಿಕೊಂಡರೆ ನಾನು ತಡೆಯುವುದಿಲ್ಲ. ದೊಡ್ಡ ಡಾಕ್ಟರುಗಳು ರಿಡ್ಲಿಯನ್ನು ದಶಕಗಳ ಕಾಲ ಬೈದರು. ಮುಪ್ಪಿನಲ್ಲಿ ಅವರಿಗೂ ಪೊರೆ ಬಂತು. ಎರಡೂ ಕಣ್ಣಿಗೆ ಅದೇ ಲೆನ್ಸ್ ಹಾಕಿಸಿಕೊಂಡರು. ತಮ್ಮ ಮದ್ದನ್ನು ತಾವೇ ಕುಡಿದು ತೋರಿಸುವ ಅವಕಾಶ ಎಲ್ಲ ವೈದ್ಯರಿಗೂ ಸಿಗುವುದಿಲ್ಲ. 1992ರಲ್ಲಿ ಮದುರೈಯ ಆರೋಲ್ಯಾಬ್ ಈ ಲೆನ್ಸನ್ನು ಅಗ್ಗಕ್ಕೆ ಮಾಡತೊಡಗಿದ ಮೇಲೆ ಸೋಡಾಗ್ಲಾಸು ನಮ್ಮ ಜಗುಲಿಗಳಿಂದ ಮೆಲ್ಲಗೆ ಇಳಿದುಹೋಯಿತು.

ಹಲ್ಲಿನ ಡಾಕ್ಟರ ಋಣ ಈಗ ತೀರಿಸಬೇಕು. ನ್ಯೂಯಾರ್ಕಿನ ಚಾರ್ಲ್ಸ್ ಕೆಲ್ಮನ್ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಕಳೆದು ಕೂತಿದ್ದಾಗ, ಕಿಟ್ಟ ಉದುರಿಸುವ ಅಲ್ಟ್ರಾಸೌಂಡ್ ಕಡ್ಡಿ ಹಲ್ಲಿಗೆ ತಾಗಿತು. ಹಲ್ಲು ಅಲುಗದೆ ಕಿಟ್ಟ ಪುಡಿಯಾಗುವುದಾದರೆ ಕಣ್ಣು ಹರಿಯದೆ ಪೊರೆ ಪುಡಿಯಾಗಬಾರದೇಕೆ? 1967ರಲ್ಲಿ ಬಂದದ್ದು ಫೇಕೋ. ಈಗ ಎರಡು ಮೂರು ಮಿಲಿಮೀಟರಿನ ಕೊಯ್ತದಲ್ಲಿ ಪೊರೆ ಪುಡಿ ಮಾಡಿ ಹೀರಿ, ಮಡಚಿದ ಲೆನ್ಸನ್ನು ಒಳಗೆ ಬಿಡಿಸುತ್ತಾರೆ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇದಕ್ಕೆ ‘ಲೇಸರ್’ ಎಂದೇ ಹೆಸರು, ಮಾಮೂಲಿ ಫೇಕೋದಲ್ಲಿ ಲೇಸರ್ ಇಲ್ಲದಿದ್ದರೂ. ಕೆಲವರಿಗೆ ವರ್ಷಗಳಾದ ಮೇಲೆ ಲೆನ್ಸಿನ ಹಿಂದಿನ ತೆಳು ಪದರ ಮಬ್ಬಾಗುತ್ತದೆ. ಯಾಗ್ ಲೇಸರ್ ಬರುವುದು ಆಗ, ಕೆಲವೇ ನಿಮಿಷದ ಕೆಲಸ. ಕೊಯ್ತವಿಲ್ಲ, ಸೂಜಿಯಿಲ್ಲ, ಹಾಗಾಗಿ ಅದನ್ನು ಯಾರೂ ಆಪರೇಶನ್ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಇನ್ನೊಂದು ವಿಧಾನ ಎಸ್‌ಐಸಿಎಸ್, ಯಂತ್ರವಿಲ್ಲದ್ದು. ಆರು ಮಿಲಿಮೀಟರಿನ ಆಸುಪಾಸು ಓರೆಯಾಗಿ ಸುರಂಗ ಕೊಯ್ದು, ಪೊರೆಯನ್ನು ಗಟ್ಟಿಯಾಗಿಯೇ ಹೊರತೆಗೆದು ಲೆನ್ಸ್ ಇಡುತ್ತಾರೆ. ಸುರಂಗ ತಾನೇ ಮುಚ್ಚಿಕೊಳ್ಳುತ್ತದೆ, ಹೊಲಿಗೆ ಬೇಡ. ಶಿವಮೊಗ್ಗದ ಹರಕೆರೆಯಲ್ಲಿ, ತೀರ್ಥಹಳ್ಳಿ ರಸ್ತೆಯ ಮೇಲೇ, ಶಂಕರ ಕಣ್ಣಿನ ಆಸ್ಪತ್ರೆ ಇದೆ. ಹಳ್ಳಿಗಳಲ್ಲಿ ತಪಾಸಣೆ ನಡೆಸಿ, ಬಸ್ಸಿನಲ್ಲಿ ಕರೆದೊಯ್ದು, ಬಡವರಿಗೆ ಉಚಿತವಾಗಿ ಆಪರೇಶನ್ ಮಾಡಿ ಮರಳಿ ಬಿಡುತ್ತಾರೆ. “ಪುಕ್ಕಟೆ ಬಸ್ಸಿಗೆ ಹೋಗಿ ಕಣ್ಣು ಕೊಯ್ಸಿಕೊಂಡ್ರಂತೆ” ಎಂದು ಮೂಗೆಳೆಯುವ ಅನುಕೂಲಸ್ಥರನ್ನು ನಾನು ಬಲ್ಲೆ. ಊಟದ ಪಂಕ್ತಿಯಲ್ಲಿ ಕೂತು “ನಂದು ಜರ್ಮನಿದು”, “ನಂದು ಅಮೆರಿಕದ್ದು” ಎಂದು ಕಣ್ಣಿನ ಊರು ಹೇಳಿಕೊಳ್ಳುವವರೂ ಅವರೇ. ಅವರಿಗೆ ನನ್ನ ಉತ್ತರ ನೇಪಾಳದಿಂದ. ಅಲ್ಲಿಯ ಸಂದುಕ್ ರುಯಿತ್ ಮತ್ತು ಜೊತೆಗಾರರು ಎರಡು ವಿಧಾನವನ್ನೂ ಹೋಲಿಸಿ 2007ರಲ್ಲಿ ಪ್ರಕಟಿಸಿದರು. ಆರು ತಿಂಗಳ ಮೇಲೆ ಎರಡು ಗುಂಪಿನವರಿಗೂ ದೃಷ್ಟಿ ಹೆಚ್ಚುಕಡಿಮೆ ಒಂದೇ. ಎಸ್‌ಐಸಿಎಸ್‌ಗೆ ಹಿಡಿದ ಸಮಯವೂ ಖರ್ಚೂ ಕಡಿಮೆ. ಬಹಳ ಬಲಿತು ಗಟ್ಟಿಯಾದ ಪೊರೆಗೆ ಅದೇ ಹಿತ ಎನ್ನುವ ಸರ್ಜನ್ನರೂ ಇದ್ದಾರೆ.

ಯಾವ ವಿಧಾನ ಎಂಬುದನ್ನು ಡಾಕ್ಟರೇ ತೀರ್ಮಾನಿಸುತ್ತಾರೆ. ಯಾವ ಲೆನ್ಸ್ ಎಂಬುದನ್ನು ಮಾತ್ರ ನಮ್ಮ ಮುಂದಿಡುತ್ತಾರೆ, ಫಜೀತಿ ಅಲ್ಲೇ. ಸಾಗರದಲ್ಲಿರುವ ನನ್ನ ಹೆಂಡತಿಯ ಅಣ್ಣ, ನನಗೆ ಭಾವ, ಪೊರೆಯ ತಪಾಸಣೆಗೆ ಹೋದಾಗ ಜೊತೆಗಿದ್ದೆ. ಸಲಹೆಗೆ ಕೂತ ಹುಡುಗಿ ಪಟ್ಟಿ ತೆಗೆದು ಓದತೊಡಗಿದಳು: ಮಾನೋಫೋಕಲ್, ಟೋರಿಕ್, ಮಲ್ಟಿಫೋಕಲ್, ದೇಶಿ, ವಿದೇಶಿ, ಕೆಲವು ಸಾವಿರದಿಂದ ಲಕ್ಷ ದಾಟುವವರೆಗೆ. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮಂಡಿಯಲ್ಲಿ ಧಾರಣೆ ಕೂಗಿದ ಹಾಗೇ ಇತ್ತು. ಭಾವ ಜನ್ಮವಿಡೀ ಧಾರಣೆ ಕೇಳಿದವನು. ಮುಖದಲ್ಲಿ ಏನೂ ತೋರಗೊಡಲಿಲ್ಲ. “ಮಲ್ಟಿಫೋಕಲ್ ಹಾಕಿದ್ರೆ ದೂರವೂ ಕಾಣ್ತದೆ, ಹತ್ತಿರವೂ ಕಾಣ್ತದೆ” ಎಂದಳು. “ರಾತ್ರಿ ಎದುರು ಲಾರಿ ಬಂದ್ರೆ?” ಭಾವ ಕೇಳಿದ. ದೀಪದ ಸುತ್ತ ಪ್ರಭಾವಳಿ ಕಾಣಬಹುದು, ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ಸ್ವಲ್ಪ ಕಡಿಮೆ ಎಂದು ಅವಳು ಪ್ರಾಮಾಣಿಕವಾಗಿ ಒಪ್ಪಿದಳು. ಬರುವ ಬೆಳಕನ್ನೇ ದೂರಕ್ಕೂ ಹತ್ತಿರಕ್ಕೂ ಹಂಚುವ ಲೆನ್ಸ್ ಅದು. ಹಂಚಿದ ಮೇಲೆ ಪಾಲು ಚಿಕ್ಕದೇ. ಪ್ರಭಾವಳಿ ದೇವರಿಗಿರಲಿ, ಲಾರಿಗೆ ಬೇಡ ಎಂದು ಭಾವ ಅದನ್ನು ಬದಿಗಿಟ್ಟ.

ಉಳಿದದ್ದು ಮಾನೋಫೋಕಲ್. “ದೂರಕ್ಕೆ ಹಾಕ್ತೀವಿ, ಓದ್ಲಿಕ್ಕೆ ಮಾತ್ರ ಕನ್ನಡಕ” ಎಂದಳು. ಎಲ್ಲರೂ ಹಾಗೇ ಮಾಡಿಸುವುದು. ಭಾವ ಯೋಚಿಸಿ, “ಹತ್ತಿರಕ್ಕೆ ಹಾಕ್ಲಿಕ್ಕೆ ಬರೂದಿಲ್ಲವಾ?” ಎಂದ. ಅವನು ಎಳವೆಯಿಂದ ಮೈನಸ್ ಮೂರು. ಕನ್ನಡಕ ತೆಗೆದು ಓದುವುದು, ಕನ್ನಡಕ ತೆಗೆದು ಅಡಿಕೆ ಹೆಕ್ಕುವುದು, ಪ್ರಸಂಗದ ಪುಸ್ತಕವನ್ನು ಮೂಗಿಗೆ ತಾಗಿಸಿ ಹಿಡಿಯುವುದು ಅವನ ಸುಖ. “ಮರದ ತುದಿ ನೋಡ್ಲಿಕ್ಕೆ ಕೊನೆಗೌಡ ಇದ್ದಾನೆ. ಪೇಪರ್ ಓದ್ಲಿಕ್ಕೆ ಯಾರನ್ನ ಇಟ್ಕಳ್ಳದು?” ಹುಡುಗಿ ಒಳಗೆ ಹೋಗಿ ಕೇಳಿ ಬಂದಳು. ಬರುತ್ತದೆ, ಜನ್ಮದ ಮೈನಸ್ಸಿನವರಿಗೆ ಅದು ಒಗ್ಗುತ್ತದೆ ಕೂಡ ಎಂದು ಡಾಕ್ಟರು ಹೇಳಿದರಂತೆ. ಒಂದು ಕಣ್ಣು ದೂರಕ್ಕೆ, ಒಂದು ಹತ್ತಿರಕ್ಕೆ ಮಾಡುವ ದಾರಿಯೂ ಇದೆ ಎಂದರು. ಆದರೆ ಕಣ್ಣುಗಳ ನಡುವೆ ಪಾಲು ಮಾಡಿಸಿದರೆ ಅಣ್ಣತಮ್ಮಂದಿರ ಜಗಳ ಶುರುವಾದೀತೆಂದು ಭಾವ ಒಪ್ಪಲಿಲ್ಲ. ಈಗ ಸಾಗರದ ಪೇಟೆಯಲ್ಲಿ ಅವನು ಹಳೇ ಮೈನಸ್ ಕನ್ನಡಕ ಹಾಕಿಕೊಂಡೇ ತಿರುಗುತ್ತಾನೆ. ನೋಡಿದವರು “ಆಪರೇಶನ್ ಕೈ ಕೊಡ್ತಾ?” ಎಂದು ಕನಿಕರಿಸುತ್ತಾರೆ. ಮನೆಗೆ ಬಂದು ಕನ್ನಡಕ ತೆಗೆದಿಟ್ಟು ಅಡಿಕೆ ಹೆಕ್ಕುತ್ತ ಕೂತವನಷ್ಟು ಸುಖಿ ನಮ್ಮ ಬಳಗದಲ್ಲಿಲ್ಲ.

ಭಾವನ ಆ ಪ್ರಶ್ನೆಯೇ ನನ್ನನ್ನೂ ಉಳಿಸಿತು. ನನಗೂ ಮೈನಸ್ ನಾಲ್ಕು, ವಯಸ್ಸು ಐವತ್ತರ ಹತ್ತಿರ. ಮಾವನೂ ಲೇಸಿಕ್ ಮಾಡಿಸಲಿ ಎಂದು ಅಕ್ಕನ ಮಗಳ ಒತ್ತಾಯ. ಮಾಡಿಸಿದರೆ ದೂರದ ಗುಡ್ಡ ಕಾಣುತ್ತದೆ. ಆದರೆ ನಲವತ್ತು ದಾಟಿದವನ ಕಣ್ಣಿನೊಳಗಿನ ಲೆನ್ಸ್ ಹೇಗೂ ಗಟ್ಟಿಯಾಗಿರುತ್ತದೆ, ಕಾರ್ನಿಯಾ ಕೆರೆದು ಅದನ್ನು ಮೆತ್ತಗೆ ಮಾಡಲಾಗುವುದಿಲ್ಲ. ಈಗ ಓದುವಾಗ ತೆಗೆಯುವ ಕನ್ನಡಕವನ್ನು ಆಗ ಓದುವಾಗ ಹಾಕಬೇಕು. ಅದಕ್ಕಾಗಿ ಅಷ್ಟು ದುಡ್ಡೇಕೆ? ಇನ್ನು ಹತ್ತು ಹದಿನೈದು ವರ್ಷಕ್ಕೆ ಪೊರೆ ಬಂದೇ ಬರುತ್ತದೆ, ಆಗ ಭಾವನ ಹಾಗೆ ನಾನೂ ಕೇಳಿ ಹಾಕಿಸಿಕೊಳ್ಳುತ್ತೇನೆ. ಅಲ್ಲಿಯವರೆಗೆ ಮಳೆ, ಹಬೆ, ಬಾಲ ಮೂರನ್ನೂ ಸಹಿಸಬಲ್ಲೆ.

ನೀವು ಮಾಡಿಸುವವರಾದರೆ ಒಂದೆರಡು ಮಾತು. ಪರೀಕ್ಷೆಗೆ ಮುಂಚೆ ಕಾಂಟ್ಯಾಕ್ಟ್ ಲೆನ್ಸ್ ಎಷ್ಟು ದಿನ ಬಿಡಬೇಕೆಂದು ಕೇಳಿ ಅಷ್ಟು ದಿನ ಬಿಡಿ. ಇಲ್ಲದಿದ್ದರೆ ಕಾರ್ನಿಯಾದ ಅಳತೆ ತಪ್ಪುತ್ತದೆ. ಕಾರ್ನಿಯಾಕ್ಕೆ ಲೇಸರ್ ಹಾಕಿಸಿಕೊಂಡವರು ಆಪರೇಶನ್ನಿಗೆ ಮುಂಚಿನ ಪವರ್ ಮತ್ತು ಅಳತೆಗಳಿರುವ ಕಾಗದವನ್ನು ಎಸೆಯಬೇಡಿ. ಮುಂದೆ ಪೊರೆ ಬಂದಾಗ ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕ ಹಾಕಲು ಅದು ಬೇಕಾಗುತ್ತದೆ. ಅಕ್ಕ ಮಗಳ ಕಾಗದವನ್ನು ಬಂಗಾರದ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಕನ್ನಡಕ ಹಾಕಿದವರೂ ಪೊರೆ ತೆಗೆಸಿದವರೂ ನೇತ್ರದಾನ ಮಾಡಬಹುದು. ಲೇಸರ್ ಮಾಡಿಸಿದ ಕಾರ್ನಿಯಾದ ಒಳಪದರವೂ ಕಸಿಗೆ ಒದಗಬಹುದು. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣಿನ ಕಾರ್ನಿಯಾಗಳನ್ನು ಪದರ ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಹಾಕಿದ್ದು ನಿಮಗೆ ನೆನಪಿರಬಹುದು. ಮತ್ತೆ, ಪರೀಕ್ಷೆಯ ದಿನ ಪಾಪೆ ಅಗಲಿಸುವ ಹನಿ ಹಾಕುತ್ತಾರೆ. ಕೆಲವು ಗಂಟೆ ಹತ್ತಿರದ್ದು ಮಬ್ಬು, ಬಿಸಿಲು ಕಣ್ಣು ಕೋರೈಸುತ್ತದೆ. ಆ ಕಣ್ಣಿನಲ್ಲಿ ಮಣಿಪಾಲದಿಂದ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಬೈಕಿನಲ್ಲಿ ಹತ್ತುವ ಸಾಹಸ ಬೇಡ, ಬಸ್ಸಿಗೆ ಬನ್ನಿ.